ಕೊನೆಯ ಜೋಡಿ ಯಾರಿಗೆ?

(ಸುವರ್ಣ ಮಹೋತ್ಸವದ ಮೊದಲ ದಿನ, ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಎದುರಿಗೆ ‘ಕ್ರೀಡೆ ಮತ್ತು ವಿದ್ಯಾರ್ಥಿ ಜೀವನ’ ಎಂದು ಅಚ್ಚಾಗಿದೆ. ಆ ವಿಷಯದ ಮೇಲೆ ಚೆನ್ನಾಗಿ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ನಿಮ್ಮ ಅಪ್ಪಣೆ ಪಡೆದು ನಾನು ಅದರೊಳಗಿನ ಒಂದೇ ಒಂದು ಸಣ್ಣ ವಿಚಾರ ಹಿಡಿದುಕೊಳ್ಳುತ್ತೇನೆ. ನಾಳೆ ಸಂಜೆ ಈ ಮೈದಾನದಲ್ಲಿ ಕುಸ್ತಿ ಇದೆ. ಆಗಲೇ ಮಣ್ಣು ಜರಡಿ ಹಿಡಿದು ಹಾಕಿದ್ದಾರೆ, ನೀವೂ ನೋಡಿರಬೇಕು. ಜೋಡಿ ಕಟ್ಟುವ ನಾಲ್ಕು ಜನರಲ್ಲಿ ನನ್ನನ್ನೂ ಒಬ್ಬನನ್ನಾಗಿ ಹಾಕಿದ್ದಾರೆ. ಹದಿನೆಂಟು ಜೋಡಿ ಗೊತ್ತಾಗಿದೆ. ಕೊನೆಯ ಜೋಡಿ ಮಾತ್ರ ಇನ್ನೂ ಗೊತ್ತಾಗಿಲ್ಲ. ನಿನ್ನೆ ರಾತ್ರಿ ಹನ್ನೊಂದು ಗಂಟೆಯವರೆಗೆ ವಾದ ಮಾಡಿ, ಒಬ್ಬರ ಮುಖ ಒಬ್ಬರು ನೋಡದೆ ಎದ್ದು ಬಂದಿದ್ದೇವೆ. ಆ ವಾದವನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಈ ವಾದ ನಮ್ಮ ಶಾಲೆಯಷ್ಟೇ ಹಳೆಯದು. 1974ರಲ್ಲಿ ನಾವು ಎಂಟನೇ ತರಗತಿಗೆ ಸೇರಿದಾಗ ಶಾಲೆಗೆ ಇದ್ದದ್ದು ಎರಡು ಕೋಣೆ, ಒಂದು ಬೇವಿನ ಮರ. ಅಜ್ಜಂಪುರ ಆಗ ತರೀಕೆರೆ ತಾಲ್ಲೂಕಿಗೆ ಸೇರಿದ ಹೋಬಳಿ. ಪತ್ರಿಕೆ ನಮ್ಮೂರು ಮುಟ್ಟುವಷ್ಟರಲ್ಲಿ ಹೊತ್ತು ಏರಿರುತ್ತಿತ್ತು. ನಮ್ಮ ಡ್ರಿಲ್ ಮೇಷ್ಟ್ರು ಅದನ್ನು ಹಿಂದಿನ ಪುಟದಿಂದ ಓದುತ್ತಿದ್ದರು. ಅವರು ವಯಸ್ಸಿನಲ್ಲಿ ಗರಡಿಯ ಮಣ್ಣು ಹೊತ್ತವರು. ಕಿವಿ ಎರಡೂ ಮುದುಡಿ ಬೋಂಡದ ಹಾಗೆ ಆಗಿದ್ದವು.

ಆ ವರ್ಷ ಅಕ್ಟೋಬರ್ 30ರಂದು ಆಫ್ರಿಕದ ಕಿನ್ಶಾಸಾದಲ್ಲಿ ಮೊಹಮ್ಮದ್ ಅಲಿ ಮತ್ತು ಜಾರ್ಜ್ ಫೋರ್‌ಮನ್ ನಡುವೆ ಬಾಕ್ಸಿಂಗ್ ನಡೆಯಿತು. ಅಮೆರಿಕದ ಜನ ರಾತ್ರಿ ಹೊತ್ತಿಗೆ ನೋಡಲೆಂದು ಅಲ್ಲಿ ಬೆಳಗಿನ ಜಾವ ನಾಲ್ಕು ಗಂಟೆಗೆ ಆಡಿಸಿದರು. ಅಲಿಗೆ 32, ಫೋರ್‌ಮನ್‌ಗೆ 25. ಫೋರ್‌ಮನ್ ಅಲ್ಲಿಯವರೆಗೆ ನಲವತ್ತು ಆಡಿ ನಲವತ್ತೂ ಗೆದ್ದಿದ್ದ. ಎಂಟನೇ ಸುತ್ತಿನಲ್ಲಿ ಅಲಿ ಅವನನ್ನು ಉರುಳಿಸಿದ. ಮಾರನೇ ದಿನ ಡ್ರಿಲ್ ಪೀರಿಯಡ್ಡಿನಲ್ಲಿ ಕವಾಯತು ನಡೆಯಲಿಲ್ಲ. ಮೇಷ್ಟ್ರು ಬೇವಿನ ಮರದಡಿ ನಮ್ಮನ್ನು ಕೂರಿಸಿ ಅಲಿಯ ಕಥೆ ಹೇಳಿದರು. ವಿಯೆಟ್ನಾಂ ಯುದ್ಧಕ್ಕೆ ಹೋಗೋದಿಲ್ಲ ಅಂದದ್ದಕ್ಕೆ 1967ರಲ್ಲಿ ಅವನ ಪಟ್ಟ ಕಿತ್ತುಕೊಂಡದ್ದು, ಮೂರೂವರೆ ವರ್ಷ ಆಡಲು ಬಿಡದೆ ಕೂರಿಸಿದ್ದು, 1970ರಲ್ಲಿ ಮತ್ತೆ ಬಿಟ್ಟದ್ದು, 1971ರ ಮಾರ್ಚ್‌ನಲ್ಲಿ ಅವನು ಜೋ ಫ್ರೇಜಿಯರ್ ಎದುರು ಸೋತದ್ದು, ಆದರೂ ಇಲ್ಲಿಯವರೆಗೆ ಬಂದದ್ದು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಮೇಷ್ಟ್ರು ಚಪ್ಪಾಳೆ ನಿಲ್ಲಿಸಿ, “ಸರಿ ಕಣ್ರಲಾ, ಗೆದ್ದ. ಈ ಜೋಡಿ ಕಟ್ಟಿದೋರು ಯಾರು?” ಅಂತ ಕೇಳಿದರು. ಯಾರಿಗೂ ಉತ್ತರ ಗೊತ್ತಿರಲಿಲ್ಲ. ಜೋಡಿ ತಾನಾಗಿಯೇ ಆಗುತ್ತದೆ ಎಂದುಕೊಂಡಿದ್ದೆವು.

ಮಕ್ಕಳಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕ್ರಿಕೆಟ್ಟಿನಲ್ಲಿ, ಕಬಡ್ಡಿಯಲ್ಲಿ ಪಟ್ಟಿ ಇರುತ್ತದೆ. ಗೆದ್ದವರು ಮುಂದಿನ ಸುತ್ತಿಗೆ, ಸೋತವರು ಮನೆಗೆ. ದುಡ್ಡಿಗೆ ಆಡುವ ಬಾಕ್ಸಿಂಗ್‌ನಲ್ಲಿ ಹಾಗಿಲ್ಲ. ಅಲ್ಲಿ ಪಟ್ಟ ಕೊಡುವ ಸಂಸ್ಥೆಗಳೇ ನಾಲ್ಕು ಇವೆ, ಒಂದೊಂದಕ್ಕೂ ಒಬ್ಬೊಬ್ಬ ಚಾಂಪಿಯನ್. ಯಾರು ಯಾರ ಮೇಲೆ ಆಡಬೇಕು ಎಂಬುದನ್ನು ಬಹುಪಾಲು ದುಡ್ಡು ಹಾಕುವ ಪ್ರೊಮೋಟರು, ಟಿ.ವಿ.ಯವರು, ಆಟಗಾರರ ಮ್ಯಾನೇಜರುಗಳು ಕೂತು ಮಾತಾಡಿ ಗೊತ್ತು ಮಾಡುತ್ತಾರೆ. ಎಷ್ಟು ಚೆನ್ನಾಗಿ ಆಡಿದರೂ ಕೇಳುವವರಿಲ್ಲದೆ ಮುದುಕನಾದವನಿದ್ದಾನೆ. ಸೋತರೂ ಹೆಸರಿನ ಬಲದಿಂದ ಮೂರು ಸಲ ಅವಕಾಶ ಗಿಟ್ಟಿಸಿದವನೂ ಇದ್ದಾನೆ. ಅದಕ್ಕೇ ಆ ಆಟ ನೋಡುವ ಜನ ಆಟಕ್ಕಿಂತ ಹೆಚ್ಚಾಗಿ ‘ಇವನಿಗೆ ಯಾಕೆ ಕೊಟ್ಟರು, ಅವನಿಗೆ ಯಾಕೆ ಕೊಡಲಿಲ್ಲ’ ಎಂದೇ ಹೊಡೆದಾಡುತ್ತಾರೆ.

ನಮ್ಮ ನಾಡಕುಸ್ತಿಯೂ ಅದರ ಹತ್ತಿರದ ನೆಂಟ. ಮೈಸೂರು ದಸರಾ ಕುಸ್ತಿಗೂ ಮೊದಲೇ ಒಂದು ದಿನ ಗೊತ್ತು ಮಾಡಿ ಪೈಲ್ವಾನರನ್ನು ಕರೆಸಿ ಜೋಡಿ ಕಟ್ಟುತ್ತಾರೆ. ತರೀಕೆರೆಯ ದಸರಾ ಕುಸ್ತಿ ನೋಡಿದವರಿಗೂ ಇದು ಹೊಸದಲ್ಲ. ನಮ್ಮ ಜಾತ್ರೆಯಲ್ಲಿ ತಕ್ಕಡಿ ಇರಲಿಲ್ಲ, ಕಣ್ಣೇ ತಕ್ಕಡಿ. ಇಬ್ಬರನ್ನು ಎದುರುಬದುರು ನಿಲ್ಲಿಸಿ ಹೆಗಲು, ತೊಡೆ, ಕುತ್ತಿಗೆ ನೋಡುವುದು. ಯಾವ ಗರಡಿ, ಉಸ್ತಾದರು ಯಾರು, ಹೋದ ವರ್ಷ ಎಲ್ಲೆಲ್ಲಿ ಆಡಿದೆ ಎಂದು ಕೇಳುವುದು. ಒಪ್ಪಿದರೆ ಕೈ ಕೊಡಿಸುವುದು. ಚಿಕ್ಕ ಹುಡುಗರಿಗೆ ತೆಂಗಿನಕಾಯಿ, ಬಾಳೆಹಣ್ಣಿನ ಕುಸ್ತಿಯಿಂದ ಶುರುವಾಗಿ, ಹೊತ್ತು ಮುಳುಗುವಾಗ ಕೊನೆಯ ಜೋಡಿಗೆ ಬೆಳ್ಳಿ ಕಡಗವೋ ಗದೆಯೋ. ಜನ ಕಾಯುವುದು ಆ ಕೊನೆಯ ಜೋಡಿಗೆ. ಪೈಲ್ವಾನನ ಹೆಸರು ಹತ್ತೂರಿಗೆ ಹೋಗುವುದೂ ಅಲ್ಲಿಂದಲೇ.

ಕಟ್ಟುವವನ ಕೈಯಲ್ಲಿ ಇಷ್ಟೆಲ್ಲ ಇದೆ ಎಂದು ಮೇಷ್ಟ್ರು ಅಂದು ಹೇಳಿದ್ದು ನನಗೆ ಅರ್ಥವಾಗಲು ಇಪ್ಪತ್ತೆರಡು ವರ್ಷ ಬೇಕಾಯಿತು.

1996ರ ಮಾತು. ನಾನು ಆಗ ಕಡೂರಿನಲ್ಲಿ ಕೆಲಸದಲ್ಲಿದ್ದೆ. ಶನಿವಾರ ಸಂಜೆ ಬಸ್ಸು ಹಿಡಿದು ಊರಿಗೆ ಬರುತ್ತಿದ್ದೆ. ಓದಿದವನು, ನಾಲ್ಕು ಮಾತು ಆಡಬಲ್ಲವನು ಎಂದು ಜಾತ್ರೆಯ ಕುಸ್ತಿಗೆ ಜೋಡಿ ಕಟ್ಟಲು ನನ್ನನ್ನೂ ಕೂರಿಸಿದರು. ಕೊನೆಯ ಜೋಡಿಗೆ ಇಬ್ಬರ ಹೆಸರು ಬಂತು. ಒಬ್ಬ ನಮ್ಮ ಸೀಮೆಗೆಲ್ಲ ಹೆಸರಾದ ಪೈಲ್ವಾನ, ವಯಸ್ಸು ನಲವತ್ತು ದಾಟಿತ್ತು, ಎರಡು ವರ್ಷದಿಂದ ಮಣ್ಣಿಗಿಳಿದಿರಲಿಲ್ಲ. ಇನ್ನೊಬ್ಬ ಇಪ್ಪತ್ತೆರಡರ ಹುಡುಗ, ಇದೇ ಶಾಲೆಯಲ್ಲಿ ಓದಿದವನು. ಅವನು ಹಿಂದಿನ ವರ್ಷ ಹೊರಗಿನಿಂದ ಬಂದ ಒಬ್ಬ ಪೈಲ್ವಾನನ ಕೈಲಿ ಬಿದ್ದಿದ್ದ. ಆದರೆ ಅಂದು ಅವನಿಗೆ ಗೊತ್ತಾಗಿದ್ದ ಜೋಡಿ ಬರಲಿಲ್ಲವೆಂದು, ತನಗಿಂತ ಬಹಳ ತೂಕದವನ ಮೇಲೆ ಬಿಟ್ಟಿದ್ದರು. ಅಷ್ಟಾದರೂ ಹದಿನೈದು ನಿಮಿಷ ನಿಂತಿದ್ದ. “ಅವನ ಮೇಲೇ ಇನ್ನೊಂದ್ಸಲ ಬಿಡಿ ಅಣ್ಣ, ಈ ವರ್ಷ ಮೈ ಕಟ್ಟಿದೀನಿ” ಎಂದು ನನ್ನ ಮನೆಯ ಜಗಲಿಗೆ ಬಂದು ಕೇಳಿದ. ನೋಡೋಣ ಅಂದೆ.

ಕಮಿಟಿಯಲ್ಲಿ ನಾನು ಹೆಸರಾದ ಪೈಲ್ವಾನನ ಪರ ವಾದಿಸಿದೆ. ನನ್ನ ಬತ್ತಳಿಕೆಯಲ್ಲಿ ಒಂದು ಹೊಸ ಬಾಣ ಇತ್ತು. ಎರಡು ವರ್ಷದ ಹಿಂದೆ, 1994ರ ನವೆಂಬರ್‌ನಲ್ಲಿ, ಅದೇ ಜಾರ್ಜ್ ಫೋರ್‌ಮನ್, ಕಿನ್ಶಾಸಾದಲ್ಲಿ ಬಿದ್ದವನು, ತನ್ನ 45ನೇ ವಯಸ್ಸಿನಲ್ಲಿ ಮೈಕೆಲ್ ಮೂರರ್ ಎಂಬ ಇಪ್ಪತ್ತಾರರವನನ್ನು ಹತ್ತನೇ ಸುತ್ತಿನಲ್ಲಿ ಉರುಳಿಸಿ ಮತ್ತೆ ವಿಶ್ವ ಚಾಂಪಿಯನ್ ಆಗಿದ್ದ. “ನಲವತ್ತೈದಕ್ಕೆ ಫೋರ್‌ಮನ್ ಗೆದ್ದ, ನಲವತ್ತೆರಡಕ್ಕೆ ನಮ್ಮವನು ಗೆಲ್ಲಬಾರದಾ? ಅವನ ಹೆಸರು ಹಾಕಿದರೆ ಬೀರೂರು, ಕಡೂರಿಂದಲೂ ಜನ ಬರ್ತಾರೆ. ಬಿದ್ದ ಹುಡುಗನನ್ನ ನೋಡೋಕೆ ಯಾರು ಬರ್ತಾರೆ?” ಎಂದೆ. ಎಲ್ಲರೂ ತಲೆದೂಗಿದರು.

ನಿವೃತ್ತರಾಗಿದ್ದ ಡ್ರಿಲ್ ಮೇಷ್ಟ್ರು ಮೂಲೆಯಲ್ಲಿ ಕೂತಿದ್ದರು. “ಫೋರ್‌ಮನ್ ಗೆದ್ದದ್ದು ಹೇಳ್ದೆ. ಹೋಮ್ಸ್ ಮುಂದೆ ಅಲಿ ಸ್ಟೂಲಿನ ಮೇಲೆ ಕೂತಿದ್ದು ಹೇಳ್ಲಿಲ್ಲ ನೀನು” ಎಂದರು. ನನಗೆ ಅದು ಚೆನ್ನಾಗಿ ನೆನಪಿತ್ತು. ನೆನಪಿದ್ದೇ ಬಿಟ್ಟಿದ್ದೆ.

ಅದೇನೆಂದರೆ, 1978ರಲ್ಲಿ ಅಲಿ ಒಂದು ಸಲ ಪಟ್ಟ ಕಳೆದುಕೊಂಡು ಅದೇ ವರ್ಷ ಮರಳಿ ಗೆದ್ದು ಆಟ ಬಿಟ್ಟ. 1980ರ ಆರಂಭದಲ್ಲಿ ನಮ್ಮ ದೇಶಕ್ಕೂ ಬಂದಿದ್ದ, ದಿಲ್ಲಿಯಲ್ಲಿ ಕೌರ್ ಸಿಂಗ್ ಎಂಬ ನಮ್ಮ ಸೈನಿಕ ಬಾಕ್ಸರ್ ಜೊತೆ ಪ್ರದರ್ಶನ ಪಂದ್ಯ ಆಡಿ ಹೋದ. ಆ ವರ್ಷ ಅಕ್ಟೋಬರ್ 2ಕ್ಕೆ ಅವನನ್ನು ಲ್ಯಾರಿ ಹೋಮ್ಸ್ ಮೇಲೆ ಬಿಟ್ಟರು. ಅಲಿಗೆ ಆಗ 38. ಹೋಮ್ಸ್ ಒಂದು ಕಾಲಕ್ಕೆ ಅಲಿಗೇ ತಾಲೀಮು ಕೊಡುತ್ತಿದ್ದ ಹುಡುಗ. ತನ್ನ ಗುರುವಿನಂಥವನನ್ನು ಹೊಡೆಯಲು ಅವನಿಗೇ ಮನಸ್ಸಿರಲಿಲ್ಲ. ಸುತ್ತಿನ ಮೇಲೆ ಸುತ್ತು ಅಲಿ ಏಟು ತಿಂದ, ತಿರುಗಿ ಕೊಟ್ಟದ್ದು ಇಲ್ಲವೇ ಇಲ್ಲ ಎನ್ನಬೇಕು. ಹತ್ತು ಸುತ್ತಾದ ಮೇಲೆ ಅವನ ತರಬೇತುದಾರ ಏಂಜೆಲೊ ಡಂಡಿ ಇನ್ನು ಸಾಕು ಎಂದು ನಿಲ್ಲಿಸಿದ. ಅಷ್ಟಕ್ಕೂ ಬಿಡದೆ ಮರುವರ್ಷ ಬಹಾಮಾಸ್‌ನಲ್ಲಿ ಇನ್ನೊಂದು ಆಡಿಸಿದರು, ಅದನ್ನೂ ಸೋತ. 1984ರಲ್ಲಿ ಅಲಿಗೆ ಪಾರ್ಕಿನ್ಸನ್ ಕಾಯಿಲೆ ಎಂದು ಜಗತ್ತಿಗೆ ಗೊತ್ತಾಯಿತು. ಕಾಯಿಲೆ ಆ ಏಟುಗಳಿಂದಲೇ ಬಂತೋ ಇಲ್ಲವೋ ಎಂಬುದು ವೈದ್ಯರ ಚರ್ಚೆ. ಆ ಜೋಡಿ ಕಟ್ಟಬಾರದಿತ್ತು ಎನ್ನಲು ವೈದ್ಯರೇ ಬೇಕಾಗಿಲ್ಲ.

ಫೋರ್‌ಮನ್ ವಿಷಯದಲ್ಲೂ ನಾನು ಅರ್ಧ ಸತ್ಯ ಹೇಳಿದ್ದೆ. ಅವನು ಹತ್ತು ವರ್ಷ ಬಿಟ್ಟಿದ್ದು 1987ರಲ್ಲಿ ಮರಳಿ ಬಂದಾಗ ನೇರವಾಗಿ ಕೊನೆಯ ಜೋಡಿ ಕೇಳಲಿಲ್ಲ. ಹೆಸರಿಲ್ಲದ ಊರುಗಳಲ್ಲಿ, ಹೆಸರಿಲ್ಲದವರ ಮೇಲೆ, ಕೆಳಗಿನ ಮೆಟ್ಟಿಲಿನಿಂದ ಒಂದೊಂದೇ ಆಡಿಕೊಂಡು ಬಂದ. ಜನ ನಕ್ಕರು, ಅವನೂ ನಕ್ಕ. 1991ರಲ್ಲಿ ಪಟ್ಟಕ್ಕೆ ಆಡಿ ಹೋಲಿಫೀಲ್ಡ್ ಎದುರು ಪೂರ್ತಿ ಹನ್ನೆರಡು ಸುತ್ತು ನಿಂತು ಅಂಕದಲ್ಲಿ ಸೋತ. ಅದೂ ಆದ ಮೇಲೆ 1994. ಮರಳಿ ಬಂದು ಏಳು ವರ್ಷ ಮೈ ಸವೆಸಿದವನನ್ನು ತೋರಿಸಿ, ಎರಡು ವರ್ಷ ಗರಡಿ ಬಾಗಿಲು ತುಳಿಯದವನಿಗೆ ನಾನು ಜಾಗ ಕೇಳಿದ್ದೆ.

ಮೇಷ್ಟ್ರ ಮಾತು ಗಾಳಿಗೆ ಹೋಯಿತು. ಜಾತ್ರೆಗೆ ಜನ ಸೇರಿದರು, ಆ ಲೆಕ್ಕದಲ್ಲಿ ನಾನು ಹೇಳಿದ್ದು ಸುಳ್ಳಾಗಲಿಲ್ಲ. ಕೊನೆಯ ಕುಸ್ತಿ ನಾಲ್ಕು ನಿಮಿಷವೂ ನಡೆಯಲಿಲ್ಲ. ಪೈಲ್ವಾನ ಬೀಳುವಾಗ ಕೈ ಊರಿದ, ಹೆಗಲಿನ ಕೀಲು ಜಾರಿತು. ಹಲಗೆ ಬಡಿಯುವವರು ಕೈ ನಿಲ್ಲಿಸಿದರು. ಆ ಮುಂಗಾರಿಗೆ ಅವನು ನೇಗಿಲು ಹಿಡಿಯಲಾಗಲಿಲ್ಲ, ಈರುಳ್ಳಿ ಹೊಲವನ್ನು ಕೋರಿಗೆ ಕೊಟ್ಟ. ನಾನು ನೋಡಲು ಹೋದಾಗ ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. “ಬನ್ನಿ ಸ್ವಾಮಿ, ಕಾಫಿ ಕುಡೀರಿ” ಅಂದ. ಬೈದಿದ್ದರೆ ಚೆನ್ನಾಗಿತ್ತು. ಆ ಹುಡುಗ ಅಂದಿನ ಜಾತ್ರೆಯಲ್ಲಿ ಜನರ ನಡುವೆ ನಿಂತು ನೋಡಿದ, ಆಮೇಲೆ ಮಣ್ಣಿಗೆ ಇಳಿಯಲೇ ಇಲ್ಲ. ಇಬ್ಬರಿಗೂ ಒಂದೇ ಸಂಜೆ ಅನ್ಯಾಯ ಮಾಡಿದ್ದೆ. ಒಬ್ಬನಿಗೆ ಕೊಟ್ಟು, ಇನ್ನೊಬ್ಬನಿಗೆ ಕೊಡದೆ.

ಅಂದಿನಿಂದ ನಾನು ಈ ವಿಚಾರವನ್ನು ಓದಿಕೊಂಡು, ಕೇಳಿಕೊಂಡು ಬಂದಿದ್ದೇನೆ. ಸೋತವನಿಗೆ ಎರಡನೇ ಸಲ ಯಾವಾಗ ಕೊಡಬೇಕು? ಸೋತವನೆಲ್ಲ ಕೇಳುತ್ತಾನೆ, ಕೇಳಿದವನಿಗೆಲ್ಲ ಕೊಟ್ಟರೆ ಗೆದ್ದದ್ದಕ್ಕೆ ಬೆಲೆ ಎಲ್ಲಿ ಎಂದು ನಿನ್ನೆ ನನ್ನ ಗೆಳೆಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ.

ಗಾಮಾ ಪೈಲ್ವಾನನ ಕಥೆ ಹಿರಿಯರಿಗೆ ಗೊತ್ತು. 1910ರಲ್ಲಿ ಲಂಡನ್ನಿಗೆ ಹೋದಾಗ ಕುಳ್ಳ ಎಂದು ಅವನನ್ನು ಪಂದ್ಯಕ್ಕೇ ಸೇರಿಸಲಿಲ್ಲ. ಎದುರಿಗೆ ಬಂದವರನ್ನು ಕೆಡವುತ್ತೇನೆ ಎಂದು ಸವಾಲು ಹಾಕಿ, ಕೆಡವಿ ಒಳಗೆ ಹೋದ. ಸೆಪ್ಟೆಂಬರ್ 10ರಂದು ಪೋಲೆಂಡಿನ ಜಿಬಿಸ್ಕೊ ಎದುರು ಎರಡೂವರೆ ಗಂಟೆಗೂ ಮೀರಿ ಆಡಿದರು. ಜಿಬಿಸ್ಕೊ ಬಹಳ ಹೊತ್ತು ಬೋರಲು ಮಲಗಿ ಬೆನ್ನು ಉಳಿಸಿಕೊಂಡ. ಮುಗಿಯಲಿಲ್ಲವೆಂದು ಒಂದು ವಾರ ಬಿಟ್ಟು ಮತ್ತೆ ಇಟ್ಟರೆ ಜಿಬಿಸ್ಕೊ ಬರಲೇ ಇಲ್ಲ. ಗದ್ದಲ ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಹದಿನೆಂಟು ವರ್ಷ ಕಳೆದು 1928ರಲ್ಲಿ ಪಟಿಯಾಲದಲ್ಲಿ ಅದೇ ಜಿಬಿಸ್ಕೊಗೆ ಮತ್ತೆ ಜೋಡಿ ಕಟ್ಟಿದರು. ಈ ಸಲ ಒಂದು ನಿಮಿಷದೊಳಗೆ ಗಾಮಾ ಚಿತ್ ಮಾಡಿದ. ತಪ್ಪಿಸಿಕೊಂಡವನಿಗೂ ಅವಕಾಶ ಸಿಕ್ಕಿತು ನೋಡಿ. ಸಿಕ್ಕಿದ್ದರಿಂದಲೇ ಲಂಡನ್ನಿನ ಅನುಮಾನ ತೀರಿತು, ಗಾಮಾನಿಗೆ ಅದರಿಂದ ನಷ್ಟವೇನೂ ಆಗಲಿಲ್ಲ.

ನನಗೆ ಇದಕ್ಕಿಂತ ಹತ್ತಿರವಾದದ್ದು ಖಾಶಾಬಾ ಜಾಧವ್ ಕಥೆ. ಕರಾಡದ ಹತ್ತಿರದ ಗೋಳೇಶ್ವರದವರು, ಕೊಲ್ಹಾಪುರದಲ್ಲಿ ಓದಿದವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆರನೆಯವರಾದರು. 1952ಕ್ಕೆ ಆಯ್ಕೆ ನಡೆದಾಗ ತನಗೆ ಅಂಕ ಕೊಡುವುದರಲ್ಲಿ ಅನ್ಯಾಯವಾಯಿತು ಎಂದು ಪಟಿಯಾಲ ಮಹಾರಾಜರ ತನಕ ಮೊರೆ ಹೋದರು. ಅವರು ಮತ್ತೊಮ್ಮೆ ಜೋಡಿ ಕಟ್ಟಿಸಿದರು, ಜಾಧವ್ ಗೆದ್ದರು. ಹೋಗಲು ದುಡ್ಡಿರಲಿಲ್ಲ. ಅವರ ರಾಜಾರಾಮ್ ಕಾಲೇಜಿನ ಪ್ರಿನ್ಸಿಪಾಲ್ ಖರ್ಡೀಕರ್ ತಮ್ಮ ಮನೆ ಅಡವಿಟ್ಟು ಏಳು ಸಾವಿರ ರೂಪಾಯಿ ಕೊಟ್ಟರು. ಹೆಲ್ಸಿಂಕಿಯಲ್ಲಿ ಜಾಧವ್ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಡಿ ತಂದ ಮೊದಲ ಒಲಿಂಪಿಕ್ ಪದಕ ಅದು. ಮೇಷ್ಟ್ರುಗಳು ತುಂಬಿರುವ ಈ ಸಭೆಯಲ್ಲಿ ಆ ಪ್ರಿನ್ಸಿಪಾಲರ ಹೆಸರನ್ನು ಒಂದು ಸಲವಾದರೂ ಹೇಳಬೇಕು ಎಂದು ಬಹಳ ದಿನದಿಂದ ಇತ್ತು.

ಹೆಣ್ಣುಮಕ್ಕಳೂ ಇಲ್ಲಿದ್ದೀರಿ, ನಾಳೆ ಎರಡು ಜೋಡಿ ನಿಮ್ಮವೂ ಇವೆ. 2019ರಲ್ಲಿ ಒಲಿಂಪಿಕ್ ಅರ್ಹತಾ ಪಂದ್ಯಕ್ಕೆ ಮೇರಿ ಕೋಮ್ ಅವರನ್ನು ಆಡಿಸದೆಯೇ ಆರಿಸುವ ಮಾತು ಬಂದಾಗ, ನಿಖತ್ ಜರೀನ್ ಎಂಬ ನಿಜಾಮಾಬಾದಿನ ಹುಡುಗಿ ನನಗೂ ಒಂದು ಟ್ರಯಲ್ ಕೊಡಿ ಎಂದು ಕ್ರೀಡಾ ಸಚಿವರಿಗೆ ಪತ್ರ ಬರೆದಳು. ಮೇರಿ ಆರು ಸಲದ ವಿಶ್ವ ಚಾಂಪಿಯನ್, ಈ ಹುಡುಗಿಗೆ ಎಷ್ಟು ಸೊಕ್ಕು ಎಂದವರೇ ಹೆಚ್ಚು. ಟ್ರಯಲ್ ನಡೆಯಿತು. ನಿಖತ್ 9-1ರಿಂದ ಸೋತಳು. ಹಾಗಾದರೆ ಕೇಳಿದ್ದು ತಪ್ಪೇ? 2022ರಲ್ಲಿ ಅವಳೇ ವಿಶ್ವ ಚಾಂಪಿಯನ್ ಆದಳು, 2023ರಲ್ಲಿ ಮತ್ತೊಮ್ಮೆ. ಇವು ಬರದೇ ಹೋಗಿದ್ದರೂ ಕೇಳಿದ್ದು ಸರಿಯೇ ಇತ್ತು ಎನ್ನುತ್ತೇನೆ ನಾನು.

ಈಗ ನಾಳೆಯ ಜೋಡಿಗೆ ಬರುತ್ತೇನೆ. ನಮ್ಮ ಮುಂದೆ ಎರಡು ದಾರಿ ಇವೆ. ಸುವರ್ಣ ಮಹೋತ್ಸವ, ಐವತ್ತು ವರ್ಷಕ್ಕೊಮ್ಮೆ ಬರುವುದು, ಹೊರಗಿನಿಂದ ಹೆಸರಾದ ಪೈಲ್ವಾನರಿಬ್ಬರನ್ನು ದುಡ್ಡು ಕೊಟ್ಟು ಕರೆಸೋಣ ಎಂಬುದು ಒಂದು. ಕರೆ ಮಾಡಿ ಕೇಳಿಯೂ ಆಗಿದೆ, ಬರುತ್ತಾರೆ. ಅವರ ಮೇಲೆ ನನಗೆ ಏನೂ ಬೇಸರವಿಲ್ಲ, ಅವರ ಆಟ ನೋಡಲು ಚಂದ.

ಇನ್ನೊಂದು, ಹೋದ ಜಾತ್ರೆಯಲ್ಲಿ ನೀವೇ ನೋಡಿದ ಜೋಡಿ. ಒಬ್ಬ ಕಡೂರು ಕಡೆಯ ಹುಡುಗ, ಇನ್ನೊಬ್ಬ ತರೀಕೆರೆ ಕಡೆಯವನು. ಇಪ್ಪತ್ತು ನಿಮಿಷ ಸಮನಾಗಿ ಆಡಿದರು. ಕತ್ತಲಾಗಿತ್ತು, ಒಂದೇ ಟ್ಯೂಬ್‌ಲೈಟು. ಇಬ್ಬರೂ ಮಣ್ಣಿನ ಅಂಚಿಗೆ ಬಂದು ಒಟ್ಟಿಗೆ ಉರುಳಿದರು. ಕಡೂರಿನವನ ಬೆನ್ನು ತಾಗಿತು ಎಂದು ತೀರ್ಪಾಯಿತು. ತಾಗಿದ್ದು ಮಣ್ಣಿನೊಳಗೋ ಅಂಚಿನಾಚೆಗೋ ಎಂಬುದನ್ನು ಈ ಸಭೆಯಲ್ಲಿ ಕೈ ಎತ್ತಿಸಿದರೆ ಅರ್ಧಕ್ಕರ್ಧ ಆಗುತ್ತದೆ. ನಾನು ಮೂರು ಮಾರು ದೂರದಲ್ಲಿದ್ದೆ, ನನಗೂ ಕಾಣಲಿಲ್ಲ. ತೀರ್ಪು ಕೊಟ್ಟವರನ್ನು ದೂರುತ್ತಿಲ್ಲ, ಆ ಬೆಳಕಿನಲ್ಲಿ ಯಾರಿದ್ದರೂ ಅಷ್ಟೇ. ಆ ಹುಡುಗ ಅಂದಿನಿಂದ ಮೂರು ಸಲ ಕೇಳಿದ್ದಾನೆ. ಒಂದು ದಿನವೂ ಗರಡಿ ತಪ್ಪಿಸಿಲ್ಲ ಎಂದು ಅವನ ಉಸ್ತಾದರು ಹೇಳುತ್ತಾರೆ.

ತೊಡಕು ಇರುವುದು ಗೆದ್ದವನ ಕಡೆ. ನಾನೇ ಹೋಗಿ ಮಾತಾಡಿಸಿದೆ. “ಗೆದ್ದಾಗಿದೆ ಅಂಕಲ್. ಮತ್ತೆ ಆಡಿ ಗೆದ್ರೆ ಏನೂ ಬರಲ್ಲ, ಬಿದ್ರೆ ಇದ್ದಿದ್ದೂ ಹೋಗುತ್ತೆ. ನನಗೇನು ಲಾಭ?” ಅಂದ. ಅವನು ಹೇಳುವುದರಲ್ಲಿ ತಪ್ಪಿಲ್ಲ. ಎರಡನೇ ಅವಕಾಶದ ಮಾತಾಡುವಾಗ ನಾವು ಸದಾ ಸೋತವನ ಮುಖವನ್ನೇ ನೋಡುತ್ತೇವೆ. ಅದರ ಖರ್ಚು ಗೆದ್ದವನ ತಲೆಯ ಮೇಲೆ ಬೀಳುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ದೊಡ್ಡ ಬಾಕ್ಸರುಗಳು ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳುತ್ತಾರೆ, ಸೋತರೆ ಇನ್ನೊಂದು ಪಂದ್ಯ ಇಷ್ಟು ದುಡ್ಡಿಗೆ ಎಂದು. ನಮ್ಮ ಹುಡುಗರಿಗೆ ಅಂಥ ಕಾಗದ ಎಲ್ಲಿಂದ ಬರಬೇಕು?

ಅದಕ್ಕೇ ಇವತ್ತು ಕಮಿಟಿಯವರಲ್ಲಿ, ಊರಿನವರಲ್ಲಿ ನನ್ನ ಬೇಡಿಕೆ ಇದು. ಹೊರಗಿನ ಜೋಡಿಗೆ ಎಂದು ಎತ್ತಿಟ್ಟಿರುವ ದುಡ್ಡನ್ನು ಈ ಇಬ್ಬರಿಗೆ ಸಮನಾಗಿ ಮೊದಲೇ ಕೊಟ್ಟುಬಿಡೋಣ, ಗೆಲುವು ಸೋಲು ಯಾವುದಕ್ಕೂ ಸೇರಿಸದೆ. ಹೋದ ಜಾತ್ರೆಯ ಕಡಗ ತರೀಕೆರೆಯವನ ಹತ್ತಿರವೇ ಇರಲಿ, ನಾಳೆ ಏನೇ ಆದರೂ ಅದನ್ನು ಯಾರೂ ಕೇಳಬಾರದು. ನಾಳೆಯ ಗದೆ ಬೇರೆ. ಕುಸ್ತಿ ನಾಲ್ಕು ಗಂಟೆಗೇ ಶುರುವಾಗಲಿ, ಕೊನೆಯ ಜೋಡಿ ಬೆಳಕಿರುವಾಗಲೇ ಆಡಲಿ. ನಾಲ್ಕು ಮೂಲೆಗೂ ಒಬ್ಬೊಬ್ಬರು ನೋಡುವವರು ನಿಲ್ಲಲಿ. ಇಬ್ಬರ ಮೈಯನ್ನೂ ಬೆಳಿಗ್ಗೆ ಡಾಕ್ಟರು ನೋಡಲಿ. ಒಬ್ಬನಿಗೆ ಸಣ್ಣ ನೋವಿದ್ದರೂ ಜೋಡಿ ಬಿಚ್ಚೋಣ, ಜನ ಬೈದರೆ ನನ್ನನ್ನು ಬೈಯಲಿ. ದುಡ್ಡು ಕಮ್ಮಿ ಬಿದ್ದರೆ ನನ್ನ ಪಾಲಿನದು ಐದು ಸಾವಿರ ಈಗಲೇ ಕೊಡುತ್ತೇನೆ, ಮನೆ ಅಡವಿಡುವಷ್ಟು ದೊಡ್ಡವನಲ್ಲ ನಾನು.

ಕಡೂರಿನ ಹುಡುಗ ಅಗೋ ಹಿಂದೆ ಸೈಕಲ್ ಸ್ಟ್ಯಾಂಡಿನ ಹತ್ತಿರ ನಿಂತಿದ್ದಾನೆ. ತರೀಕೆರೆಯವನು ಬಂದಿದ್ದಾನೋ ಇಲ್ಲವೋ ಕಾಣಿಸುತ್ತಿಲ್ಲ. ಬಂದಿದ್ದರೆ, ಊಟ ಆದ ಮೇಲೆ ಆ ಬೇವಿನ ಮರದ ಹತ್ತಿರ ಬಾರಪ್ಪ, ನಿನ್ನ ಉಸ್ತಾದರನ್ನೂ ಕರೆದುಕೊಂಡು ಬಾ. ನೀನು ಒಲ್ಲೆ ಅಂದರೆ ಒತ್ತಾಯ ಮಾಡುವುದಿಲ್ಲ. ನಿನ್ನ ಮಾತು ಕೇಳಿ, ಆಮೇಲೆ ಕೈ ಕೊಡಿಸುವುದು.